ಸಾಕು ಎನ್ನುವವರು ಯಾರು?

ಗುರುಗ್ರಾಮದ ಉದ್ಯೋಗ ವಿಹಾರದಲ್ಲೋ ನೊಯ್ಡಾದ 62ನೇ ಸೆಕ್ಟರ್‌ನಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಅಕ್ಕಾರ, ದೊಡ್ಡ ಕಂಪನಿಗೆ ಹೋಗ್ಲೋ, ಸ್ಟಾರ್ಟಪ್ ಸೇರ್ಲೋ?” ನಾಲ್ಕಾರು ವರ್ಷ ದುಡಿದು ಕೈ ಪಳಗಿದವರು ಇನ್ನೊಂದು ಕೇಳುತ್ತಾರೆ: “ನಮ್ದ ಒಂದು ಶುರು ಮಾಡಬೇಕಂತ ಮಾಡೀವಿ. ಎಷ್ಟು ಬೇಗ ಬೆಳಸಬೇಕ್ರಿ?” ಸಂಬಳ, ಷೇರು, ಮಾರುಕಟ್ಟೆಯ ಲೆಕ್ಕ ಹಾಕಿ ಈ ಎರಡಕ್ಕೂ ಉತ್ತರ ಹೇಳಬಹುದು, ಹೇಳುತ್ತಲೂ ಇರುತ್ತೇನೆ. ಆದರೆ ಈ ಎರಡು ಪ್ರಶ್ನೆಗಳ ಒಳಗೆ ಮೂರನೆಯದೊಂದು ಕೂತಿದೆ. ಕೆಲಸ ಒಬ್ಬ ಮನುಷ್ಯನಿಂದ ಎಷ್ಟನ್ನು ಕೇಳಬಹುದು? ಕೇಳಿದ್ದು ಸಾಕಾಯಿತು ಎಂದು ಹೇಳುವ ಹಕ್ಕು ಯಾರದು? ಇದು ಧರ್ಮದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕದೆ ಮೊದಲಿನೆರಡಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ ಎಂಬುದು ನನ್ನ ನಂಬಿಕೆ.

ಕನ್ನಡಿಗರಾದ ನಮಗೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕಾಯಕದಲ್ಲೇ ಕೈಲಾಸ ಕಂಡ ನಾಡು ನಮ್ಮದು ಎನ್ನುತ್ತೇವೆ. ದೆಹಲಿಗೂ ಬಸವಣ್ಣನವರು ಹೊಸಬರಲ್ಲ. ಸಂಸತ್ ಭವನದ ಆವರಣದಲ್ಲಿರುವ ಅವರ ಅಶ್ವಾರೂಢ ಪ್ರತಿಮೆಯನ್ನು 2003ರಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅನಾವರಣ ಮಾಡಿದರು. ದೆಹಲಿ ಕರ್ನಾಟಕ ಸಂಘಕ್ಕೆ 75 ವರ್ಷ ತುಂಬಿದಾಗ, 2023ರ ಫೆಬ್ರವರಿಯಲ್ಲಿ, ತಾಲ್ಕಟೋರಾ ಕ್ರೀಡಾಂಗಣದಲ್ಲಿ ನಡೆದ ದೊಡ್ಡ ಸಮಾರಂಭದಲ್ಲೂ ಅವರ ಹೆಸರು ಕೇಳಿಬಂತು. ಈಗೀಗ ಕಂಪನಿಗಳೂ ಕಾಯಕದ ಮಾತನ್ನು ಎತ್ತಿಕೊಂಡಿವೆ. ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್ ಮುಚ್ಚದ ಹುಡುಗನ ಬೆನ್ನು ತಟ್ಟಿ, ಕೆಲಸವೇ ಪೂಜೆ ಕಣಪ್ಪಾ ಎನ್ನುವ ಮ್ಯಾನೇಜರುಗಳನ್ನು ನೋಡಿದ್ದೇನೆ. ಅವರು ಎತ್ತಿಕೊಂಡಿರುವುದು ಶರಣರ ಮಾತಿನ ಒಂದು ಭಾಗವನ್ನು ಮಾತ್ರ. ದುಡಿಮೆಯನ್ನು ಪೂಜೆ ಎಂದವರೇ ಆ ದುಡಿಮೆಗೆ ಒಂದು ಮಿತಿಯನ್ನೂ ಇಟ್ಟಿದ್ದರು, ಬಂದದ್ದನ್ನು ಹಂಚಬೇಕೆಂದೂ ಹೇಳಿದ್ದರು. ಆ ಬಿಟ್ಟುಹೋದ ಭಾಗಕ್ಕಾಗಿ ಈ ಬರಹ.

ನಾನು ಲಿಂಗಸುಗೂರು ತಾಲೂಕಿನವಳು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ನಮ್ಮ ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ನಮ್ಮ ಮನೆಗಳಲ್ಲಿ ಅವರ ಕಥೆ ನೆಂಟರ ಸುದ್ದಿಯಷ್ಟು ಸಲೀಸಾಗಿ ಬರುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ದಾಸೋಹ, ಅದರಿಂದಲೇ ಇಬ್ಬರ ಊಟ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಪರೀಕ್ಷೆಗೆಂದು ಬಸವಣ್ಣನವರೇ ಹೆಚ್ಚು ಚೆಲ್ಲಿಸಿದ್ದರು ಎಂದು ಹೇಳುವವರೂ ಉಂಟು. ಲಕ್ಕಮ್ಮ ಅದನ್ನು ನೋಡಿ ಒಳಗೆ ಬರಗೊಡಲಿಲ್ಲ. ಇಂದಿಗೆ ಬೇಕಾದ್ದಕ್ಕಿಂತ ಇದು ಹೆಚ್ಚಾಯಿತು, ಈ ಆಸೆ ನಮಗೆಲ್ಲಿಂದ ಬಂತು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು.

ಈ ಕಥೆಯಲ್ಲಿ ಗಮನಿಸಬೇಕಾದ್ದು ಮೂರಿದೆ. ಮಾರಯ್ಯ ಕದ್ದಿರಲಿಲ್ಲ, ನೆಲಕ್ಕೆ ಬಿದ್ದದ್ದನ್ನು ಆಯ್ದಿದ್ದ. ಕಾಯಕದಲ್ಲಿ ಅವನ ನಿಷ್ಠೆಗೆ ಕೊರತೆಯಿರಲಿಲ್ಲ. ಹೆಚ್ಚಿದ ನಿಷ್ಠೆಯೇ ಹೆಚ್ಚು ಅಕ್ಕಿಯಾಗಿ ಬಂದಿತ್ತು ಎನ್ನಬಹುದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಸಾಕು ಎಂದವಳು ಆ ಅಕ್ಕಿಯನ್ನು ಬೇಯಿಸಿ ಬಡಿಸಬೇಕಾದವಳು, ನಾಳೆ ಕಡಿಮೆ ಬಿದ್ದರೆ ಮೊದಲು ಉಪವಾಸ ಇರಬೇಕಾದವಳು. ಅವಳ ಮಾತಿಗೆ ಗಂಡ ತಲೆಬಾಗಿದ. ಕಾಯಕ ಕೈಲಾಸವಾಗುವುದು ಆ ಮನೆಯಲ್ಲಿ ಲಕ್ಕಮ್ಮ ಇದ್ದುದರಿಂದ. ಅವಳಿಲ್ಲದ ಮನೆಯಲ್ಲಿ ಅದೇ ಶ್ರದ್ಧೆ, ಅದೇ ಬೆವರು ಆಸೆಯ ಕೈಗೆ ಸಿಕ್ಕಿಬಿಡುತ್ತಿತ್ತು. ಆಸೆಯೂ ಹಗಲಿರುಳು ದುಡಿಯುತ್ತದೆ. ಹೊರಗಿನಿಂದ ನೋಡಿದರೆ ಅದಕ್ಕೂ ಕಾಯಕಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ನನ್ನ ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿದ್ದರು. ನೆಲದಿಂದ ಎರಡು ಸಾವಿರ ಅಡಿಗೂ ಕೆಳಗೆ ಇಳಿದು ಕಲ್ಲು ಒಡೆದು ಮೇಲೆ ಕಳಿಸಿದರೆ ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಅಂಥ ಗಣಿಯಲ್ಲೂ ಪಾಳಿ ಮುಗಿದ ಸೈರನ್ ಆದರೆ ಮನುಷ್ಯ ಮೇಲೆ ಬರಲೇಬೇಕು. 1952ರ ಗಣಿ ಕಾಯ್ದೆ ನೆಲದೊಳಗೆ ದುಡಿಯುವವರಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಆ ಮಿತಿ ಯಾವ ಮಾಲೀಕನ ದಯೆಯಿಂದಲೂ ಬಂದದ್ದಲ್ಲ. ಕೆಳಗಿಳಿದವರ ಶ್ವಾಸಕೋಶಗಳು ಅದರ ಬೆಲೆ ತೆತ್ತಿವೆ. ಅಪ್ಪ ಮನೆಗೆ ಬಂದು ಸ್ನಾನ ಮಾಡಿ ಉಂಡ ಮೇಲೆ ಗಣಿಯ ಮಾತು ಎತ್ತುತ್ತಿರಲಿಲ್ಲ. ಗುರುಗ್ರಾಮದ ಸೈಬರ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ಧೂಳಿಲ್ಲ, ಕತ್ತಲೆಯಿಲ್ಲ, ಬಂಡೆ ಕುಸಿಯುವ ಭಯವಿಲ್ಲ. ಸೈರನ್ ಕೂಡ ಇಲ್ಲ. ಕೆಲಸ ಜೇಬಿನೊಳಗಿನ ಫೋನಿನಲ್ಲಿ ಕೂತು ಪಿಜಿಯ ಕೋಣೆಗೂ ಬರುತ್ತದೆ, ಯುಗಾದಿಗೆ ಊರಿಗೆ ಹೊರಟ ರೈಲಿಗೂ ಹತ್ತುತ್ತದೆ. ಸಾಕು ಎನ್ನುವ ಹೊಣೆ ಇಪ್ಪತ್ತೆರಡು ವರ್ಷದ, ಈಗಷ್ಟೇ ಊರು ಬಿಟ್ಟು ಬಂದ, ಮನೆಗೆ ಹಣ ಕಳಿಸಬೇಕಾದ ಹುಡುಗಿಯ ಮೇಲೆ ಬೀಳುತ್ತದೆ. ಆ ಜಾಗದಲ್ಲಿ ಎಲ್ಲರಿಗಿಂತ ಕಡಿಮೆ ಬಲ ಇರುವವಳು ಅವಳೇ.

2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕ ಎನ್. ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶವಿಡೀ ವಾದ ಎದ್ದಿತು. ನಾನು ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. 1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರುಗಳು ಹತ್ತು ಸಾವಿರ ರೂಪಾಯಿಯಿಂದ ಕಟ್ಟಿದ ಸಂಸ್ಥೆ ಅದು. ಆ ಹಣ ಸುಧಾ ಮೂರ್ತಿಯವರ ಉಳಿತಾಯದ್ದು. 1990ರ ದಶಕದಲ್ಲೇ ಸಾಮಾನ್ಯ ನೌಕರರಿಗೆ ಷೇರು ಕೊಟ್ಟ ಸಂಸ್ಥೆಯೂ ಅದೇ. ಅವರು ಅಷ್ಟು ದುಡಿದಿದ್ದಾರೆ, ಆದ್ದರಿಂದ ಹೇಳುತ್ತಾರೆ. ನನ್ನ ತಕರಾರು ಒಂದೇ. ಒಬ್ಬ ತನ್ನ ಇಚ್ಛೆಯಿಂದ ತನ್ನದಕ್ಕಾಗಿ ಕೊಟ್ಟ ಗಂಟೆಗಳನ್ನು ಇನ್ನೊಬ್ಬನಿಂದ ಕೇಳುವ ಗಂಟೆಗಳಿಗೆ ಅಳತೆಗೋಲು ಮಾಡಬಾರದು. ಬೇಡ ಎನ್ನುವ ಸ್ವಾತಂತ್ರ್ಯ ಇದ್ದಾಗ ಮಾತ್ರ ಕೊಟ್ಟದ್ದು ಅರ್ಪಣೆ. ಆ ಸ್ವಾತಂತ್ರ್ಯ ಇಲ್ಲದಿದ್ದರೆ ಅದು ವಸೂಲಿ.

ನಾನು ಇರುವ ಊರಿಗೇ ಈ ಪ್ರಶ್ನೆಯ ಹಳೆಯ ಕಥೆ ಅಂಟಿಕೊಂಡಿದೆ. ಗುಡ್‌ಗಾಂವ್ 2016ರಲ್ಲಿ ಗುರುಗ್ರಾಮವಾಯಿತು. ದ್ರೋಣಾಚಾರ್ಯರಿಗೆ ಶಿಷ್ಯರು ಕೊಟ್ಟ ಹಳ್ಳಿ ಎಂಬ ನಂಬಿಕೆ ಅದಕ್ಕೆ ಆಧಾರ. ಅದೇ ಊರಿನ ಖಾಂಡ್ಸಾದಲ್ಲಿ ಏಕಲವ್ಯನಿಗೂ ಒಂದು ಗುಡಿಯಿದೆ. ದೂರದಿಂದ ನೋಡಿ, ಮಣ್ಣಿನ ಮೂರ್ತಿಯ ಮುಂದೆ ತಾನೇ ಅಭ್ಯಾಸ ಮಾಡಿ ಕಲಿತವನು ಅವನು. ಇಂದು ಕೋಡಿಂಗ್ ಕಲಿಯುವ ಬಡಮನೆಯ ಮಕ್ಕಳಲ್ಲಿ ಬಹುಪಾಲು ಅವನ ವಂಶದವರೇ. ಯಾರೋ ಬರೆದು ಬಿಟ್ಟ ಕೋಡ್ ಓದಿ, ಯಾರೋ ಹಾಕಿದ ವೀಡಿಯೊ ನೋಡಿ ಕಲಿತು ಇಲ್ಲಿಗೆ ಬರುತ್ತಾರೆ. ಇಂಥ ಮಕ್ಕಳಿಗೆ ಒಂದು ವಿಶೇಷ ದೌರ್ಬಲ್ಯ ಇರುತ್ತದೆ: ಮೊದಲ ಅವಕಾಶ ಕೊಟ್ಟವರಿಗೆ ಋಣಿಯಾಗಿಬಿಡುತ್ತಾರೆ. ಏಕಲವ್ಯನ ಭಕ್ತಿಯಲ್ಲಿ ಏನೂ ದೋಷವಿರಲಿಲ್ಲ. ಕಲಿಸದ ಗುರು ದಕ್ಷಿಣೆ ಕೇಳಿದ್ದು, ಅದೂ ಬಿಲ್ಲು ಎಳೆಯುವ ಹೆಬ್ಬೆರಳನ್ನೇ ಕೇಳಿದ್ದು ಅಧರ್ಮ. ಮತ್ತು ಆ ಕಾಡಿನಲ್ಲಿ ಹುಡುಗನ ಪಕ್ಕ ನಿಂತು ಬೇಡ ಮಗನೇ ಎನ್ನುವವರು ಯಾರೂ ಇರಲಿಲ್ಲ.

ಆದ್ದರಿಂದ ಹೊಸಬರಿಗೆ ನಾನು ಹೇಳುವ ಮೊದಲ ಮಾತು: ಶ್ರಮ ಕೊಡಿ, ಸಮಯ ಕೊಡಿ, ಗೌರವ ಕೊಡಿ, ಮುಂದೆ ಕಲಿಯುವ ಶಕ್ತಿಯನ್ನೇ ಕೇಳಿದರೆ ಕೊಡಬೇಡಿ. ನಿದ್ದೆ, ಆರೋಗ್ಯ, ಕೆಲಸದಾಚೆಗೆ ಒಂದು ಪುಸ್ತಕ ಓದುವ ಮನಸ್ಸು, ಅಪ್ಪ ಅವ್ವನ ಜೊತೆ ಕೂತು ಮಾತಾಡುವ ಸಮಾಧಾನ ಇವೆಲ್ಲ ಆ ಹೆಬ್ಬೆರಳಿಗೆ ಸೇರಿದ್ದು. ಎರಡು ವರ್ಷದಲ್ಲಿ ಇವನ್ನು ಕಳೆದುಕೊಂಡವರು ಮುಂದಿನ ಮೂವತ್ತು ವರ್ಷದ ವೃತ್ತಿಯನ್ನು ಕುಂಟುತ್ತ ನಡೆಯುವುದನ್ನು ಹತ್ತಿರದಿಂದ ಕಂಡಿದ್ದೇನೆ.

ಇಲ್ಲಿ ಯಾರಾದರೂ ಗೀತೆಯ ಮಾತು ಎತ್ತುತ್ತಾರೆ. ಕುರುಕ್ಷೇತ್ರ ನಮ್ಮ ಹರಿಯಾಣದಲ್ಲೇ ಇದೆ. ಚಳಿಗಾಲ ಬಂತೆಂದರೆ ಗೀತಾ ಮಹೋತ್ಸವದ ಫಲಕಗಳು ರಸ್ತೆಯುದ್ದಕ್ಕೂ ಕಾಣುತ್ತವೆ. ಫಲದ ಆಸೆ ಬಿಟ್ಟು ಕರ್ಮ ಮಾಡಬೇಕು ಎಂಬ ಎರಡನೇ ಅಧ್ಯಾಯದ ಉಪದೇಶವನ್ನು ಅಪ್ರೈಸಲ್ ಮೀಟಿಂಗಿನಲ್ಲಿ ಕೇಳಿಸಿಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ಆ ಉಪದೇಶ ದುಡಿಯುವವನ ಅಂತರಂಗಕ್ಕೆ ಹೇಳಿದ್ದು; ಕೂಲಿ ಕೊಡಬೇಕಾದವನ ಕೈ ಕಟ್ಟಿಕೊಳ್ಳಲು ಅನುಮತಿ ಕೊಟ್ಟದ್ದಲ್ಲ. ಇನ್ನೂ ಒಂದು ಸಂಗತಿ ಇದೆ. ಅರ್ಜುನ ಹದಿನೆಂಟು ಅಧ್ಯಾಯದುದ್ದಕ್ಕೂ ಕೇಳುತ್ತಾನೆ, ಅನುಮಾನಿಸುತ್ತಾನೆ, ಗೊಂದಲವಾಯಿತು ಎಂದು ನೇರವಾಗಿ ಹೇಳುತ್ತಾನೆ. ಕೃಷ್ಣ ಒಮ್ಮೆಯೂ ಅವನ ಬಾಯಿ ಮುಚ್ಚಿಸುವುದಿಲ್ಲ. ಕೊನೆಯಲ್ಲಿ, ಎಲ್ಲ ಹೇಳಿ ಮುಗಿಸಿದ ಮೇಲೆ, ನಿರ್ಧಾರವನ್ನು ಅರ್ಜುನನ ವಿವೇಚನೆಗೇ ಬಿಡುತ್ತಾನೆ. ಎರಡನೇ ಅಧ್ಯಾಯವನ್ನು ನೆನಪಿಸುವ ಮ್ಯಾನೇಜರು ಹದಿನೆಂಟನೆಯದನ್ನೂ ಓದಿರಬೇಕು.

ಇನ್ನು ವ್ಯವಹಾರದ ಮಾತು. ದೊಡ್ಡ ಕಂಪನಿಯೋ ಸ್ಟಾರ್ಟಪ್ಪೋ ಎನ್ನುವುದಕ್ಕಿಂತ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎನ್ನುವುದು ಮೊದಲ ಮೂರು ವರ್ಷಕ್ಕೆ ಮುಖ್ಯ. ನೀವು ಬರೆದ ಕೋಡನ್ನು ಸಾಲುಸಾಲಾಗಿ ಓದಿ, ಇಲ್ಲಿ ಯಾಕೆ ಹೀಗೆ ಮಾಡಿದೆ ಎಂದು ಕೇಳುವ ಒಬ್ಬ ಹಿರಿಯ ಸಿಕ್ಕರೆ ಸಂಬಳ ತುಸು ಕಡಿಮೆಯಾದರೂ ಸೇರಿಕೊಳ್ಳಿ. ಸಣ್ಣ ಕಂಪನಿಯಲ್ಲಿ ಒಂದು ಲಾಭ ಖಂಡಿತ ಇದೆ: ಡೇಟಾಬೇಸ್‌ನಿಂದ ಹಿಡಿದು ಗ್ರಾಹಕರ ಸಿಟ್ಟಿನ ಫೋನಿನವರೆಗೆ ಕೆಲಸದ ಇಡೀ ದೇಹವನ್ನು ನೋಡಬಹುದು. ಟೆಸ್ಟಿಂಗ್ ಕೆಲಸ ಸಿಕ್ಕಿತು, ಸಪೋರ್ಟ್ ಕೆಲಸ ಸಿಕ್ಕಿತು ಎಂದು ಮುಖ ಸಣ್ಣ ಮಾಡಿಕೊಳ್ಳಬೇಡಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಒಂದೇ ಮಂಟಪದಲ್ಲಿ ಕೂತು ಮಾತಾಡಿದ ಪರಂಪರೆ ನಮ್ಮದು. ಕೆಲಸದಲ್ಲಿ ಮೇಲು ಕೀಳು ಇಲ್ಲ ಎಂಬುದನ್ನು ನಾವು ಜಯಂತಿಯ ಭಾಷಣಕ್ಕಷ್ಟೇ ಉಳಿಸಿಕೊಳ್ಳಬಾರದು. ಗ್ರಾಹಕನ ನೋವು ಕೇಳಿಸಿಕೊಂಡ ಎಂಜಿನಿಯರ್ ಮುಂದೆ ಒಳ್ಳೆಯ ಉತ್ಪನ್ನ ಕಟ್ಟುತ್ತಾನೆ.

ಕೂಲಿಯ ಲೆಕ್ಕ ಕೇಳುವುದಕ್ಕೆ ನಾಚಿಕೆ ಬೇಡ. ಕೊಪ್ಪಳ ಕಡೆಯ ಒಬ್ಬ ಹುಡುಗಿಗೆ ಪ್ರತಿ ತಿಂಗಳೂ ಪಿಎಫ್ ಕಡಿತವಾಗುತ್ತಿತ್ತು. ಪಾಸ್‌ಬುಕ್ ತೆರೆದು ನೋಡಿದರೆ ಜಮೆಯೇ ಆಗಿರಲಿಲ್ಲ. ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಂಪನಿ ಅದನ್ನು ಕಟ್ಟಬೇಕು. ಉಮಂಗ್ ಆ್ಯಪ್‌ನಲ್ಲಿ ಯಾರು ಬೇಕಾದರೂ ತಮ್ಮ ಖಾತೆ ನೋಡಿಕೊಳ್ಳಬಹುದು. ಕಂಪನಿಯ ಗೋಡೆಯ ಮೇಲೆ ಬರೆದ ಆದರ್ಶಗಳಿಗಿಂತ ಈ ಪಾಸ್‌ಬುಕ್ ಅದರ ಶೀಲವನ್ನು ಸರಿಯಾಗಿ ಹೇಳುತ್ತದೆ. ಸಂಬಳದ ಬದಲು ಈಸಾಪ್, ಅಂದರೆ ಮುಂದೆ ಕಂಪನಿಯ ಷೇರು ಕೊಳ್ಳುವ ಹಕ್ಕು, ಕೊಡುತ್ತೇವೆ ಎಂದರೆ ಕಾಗದ ಓದಿ. ಕೈಗೆ ಬರಲು ಕಾನೂನಿನ ಪ್ರಕಾರ ಕನಿಷ್ಠ ಒಂದು ವರ್ಷ ಕಾಯಬೇಕು. ಪೂರ್ತಿ ಬರಲು ರೂಢಿಯಲ್ಲಿ ನಾಲ್ಕು ವರ್ಷ. ಅವನ್ನು ಷೇರಾಗಿ ಕೊಳ್ಳುವ ದಿನ, ಮಾರುವ ದಾರಿ ಇಲ್ಲದಿದ್ದರೂ, ಏರಿದ ಬೆಲೆಯ ಮೇಲೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಕೆಲಸ ಬಿಟ್ಟರೆ ಎಷ್ಟು ದಿನದೊಳಗೆ ಕೊಳ್ಳಬೇಕು ಎಂದು ಮೊದಲೇ ಕೇಳಿ. ಪ್ರಶ್ನೆ ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಜಾಗದಲ್ಲಿ ಮುಂದೆ ಸಾಕು ಎನ್ನುವುದಕ್ಕೂ ಅವಕಾಶ ಇರುವುದಿಲ್ಲ.

ಹಕ್ಕಿನ ಜೊತೆಗೆ ವ್ರತವೂ ಬೇಕು. ಜಂಬೂರಿನ ಸತ್ಯಕ್ಕ ಕಸ ಗುಡಿಸುವ ಕಾಯಕದವಳು. ಗುಡಿಸುವ ದಾರಿಯಲ್ಲಿ ಹೊನ್ನು ಬಿದ್ದಿರಲಿ, ವಸ್ತ್ರ ಬಿದ್ದಿರಲಿ, ಮುಟ್ಟುವುದಿಲ್ಲ ಎಂಬುದು ಅವಳ ನಿಯಮ. ಇಂದಿನ ಎಂಜಿನಿಯರಿಗೆ ಇದಕ್ಕಿಂತ ಹತ್ತಿರದ ಮಾದರಿ ನನಗೆ ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನರ ಫೋನ್ ನಂಬರು, ವಿಳಾಸ, ಯಾರು ಯಾವ ಔಷಧಿ ತರಿಸಿಕೊಂಡರು ಎಂಬ ವಿವರ ನಿಮ್ಮ ಪರದೆಯ ಮೇಲೆ ಬರುತ್ತದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂದಿದೆ. ಆದರೆ ನಡುರಾತ್ರಿ ಒಬ್ಬರೇ ಕೂತು ದೋಷ ಹುಡುಕುತ್ತಿರುವಾಗ ನಿಮ್ಮನ್ನು ಕಾಯುವುದು ನಿಮ್ಮ ವ್ರತವೇ. ಬೇಕಿರುವ ಸಾಲನ್ನು ಮಾತ್ರ ನೋಡಿ, ಕೆಲಸ ಮುಗಿದ ಕೂಡಲೇ ಮುಚ್ಚಿ. ಸಾಕು ಎಂಬುದನ್ನು ಮೊದಲು ತನಗೆ ತಾನೇ ಹೇಳಿಕೊಳ್ಳಲು ಕಲಿಯುವುದು ಅಲ್ಲಿ.

ಈಗ ಕಂಪನಿ ಕಟ್ಟುವವರ ಕಡೆಗೆ ಬರುತ್ತೇನೆ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು, ಅಂದರೆ ಪರರ ಹಣದ ಮೇಲೆ ಕೂತವರು. ದಾಸೋಹಕ್ಕೆ ಭಂಡಾರದ ಹೊನ್ನು ಹೋಗುತ್ತಿದೆ ಎಂದು ಚಾಡಿ ಹೇಳಿದಾಗ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿತ್ತು ಎಂದು ಶರಣರ ಕಥೆಗಳು ಹೇಳುತ್ತವೆ. ಸ್ಟಾರ್ಟಪ್ ಕಟ್ಟುವವರೂ ಭಂಡಾರಿಗಳೇ. ಹೂಡಿಕೆದಾರರ ಹಣದ ಹಿಂದೆ ಯಾರದೋ ಪಿಂಚಣಿ ಇರುತ್ತದೆ, ಯಾರದೋ ಉಳಿತಾಯ ಇರುತ್ತದೆ. ಹಣ ಬಂದ ದಿನ ಹೋಟೆಲಿನಲ್ಲಿ ಹಬ್ಬ ಮಾಡುವವರಿಗೆ ನಾನು ಹೇಳುವುದಿಷ್ಟೇ: ನಿಮಗೆ ಬಂದದ್ದು ಆದಾಯವಲ್ಲ, ಹೊಣೆ.

ಎಷ್ಟು ಹಣ ಎತ್ತಬೇಕು, ಎಷ್ಟು ಬೇಗ ಬೆಳೆಯಬೇಕು ಎಂಬುದಕ್ಕೆ ದೆಹಲಿಯ ಸುತ್ತಲೇ ಪಾಠಗಳಿವೆ. ಸಂಜೀವ್ ಬಿಖ್‌ಚಂದಾನಿ 1990ರಲ್ಲಿ ನೌಕರಿ ಬಿಟ್ಟರು. ಮೊದಲ ದಿನಗಳ ಕೆಲಸ ತಂದೆಯ ಮನೆಯ ಗ್ಯಾರೇಜಿನ ಮೇಲಿದ್ದ ಆಳುಗಳ ಕೋಣೆಯಲ್ಲಿ. ನೌಕರಿ ಡಾಟ್ ಕಾಮ್ ಹುಟ್ಟಿದ್ದು 1997ರಲ್ಲಿ, ಅಂದರೆ ಏಳು ವರ್ಷ ಸಣ್ಣಪುಟ್ಟ ವ್ಯವಹಾರ ಮಾಡಿದ ಮೇಲೆ. ಹೊರಗಿನ ದೊಡ್ಡ ಹೂಡಿಕೆ ಬಂದದ್ದು 2000ದಲ್ಲಿ, ಷೇರುಪೇಟೆಗೆ ಹೋದದ್ದು 2006ರಲ್ಲಿ. ಅದೇ ಸಂಸ್ಥೆ ಗಳಿಸಿ ಉಳಿಸಿದ ಹಣ 2010ರಲ್ಲಿ ಇನ್ನೊಂದು ಪುಟ್ಟ ಕಂಪನಿಗೆ ಹೋಯಿತು. ಬೇನ್ ಎಂಬ ಸಲಹಾ ಸಂಸ್ಥೆಯ ದೆಹಲಿ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ದೀಪಿಂದರ್ ಗೋಯಲ್, ಪಂಕಜ್ ಚಡ್ಡಾ ಹೋಟೆಲುಗಳ ಮೆನು ಸ್ಕ್ಯಾನ್ ಮಾಡಿ ಹಾಕುತ್ತ 2008ರಲ್ಲಿ ಶುರು ಮಾಡಿದ ಫುಡೀಬೇ ಅದು. ಮುಂದೆ ಝೊಮ್ಯಾಟೊ ಆಯಿತು. ಇದು ವ್ಯಾಪಾರ, ಇದನ್ನು ದಾಸೋಹ ಎಂದು ಕರೆಯಲಾರೆ. ಆದರೂ ಇದರಲ್ಲಿ ಒಂದು ತಿಳಿವಳಿಕೆ ಇದೆ: ಸುಟ್ಟು ಮುಗಿಸದೆ ಉಳಿಸಿದ್ದು ಇನ್ನೊಬ್ಬರ ಬಿತ್ತನೆಯ ಬೀಜವಾಗುತ್ತದೆ. ಇದಕ್ಕೆ ಎದುರಾಗಿ 2021ನ್ನು ಇಡಿ. ಆ ಒಂದೇ ವರ್ಷ ಭಾರತದಲ್ಲಿ ನಲವತ್ತಕ್ಕೂ ಹೆಚ್ಚು ಕಂಪನಿಗಳು ನೂರು ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡವು. ಮರುವರ್ಷ ಹಣದ ಹೊಳೆ ಬತ್ತಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಅಂಗಳದಲ್ಲಿ ಅಕ್ಕಿ ಹೆಚ್ಚು ಬಿದ್ದಿತ್ತು, ಎಲ್ಲರೂ ಬಾಚಿಕೊಂಡರು, ತಿರುಗಿ ಸುರಿದು ಬಾ ಎನ್ನುವವರು ಯಾರೂ ಇರಲಿಲ್ಲ.

ನಾನೂ ಒಬ್ಬ ಗೆಳತಿಯೂ ಸೇರಿ ನಡೆಸುವ ಸಣ್ಣ ಕಂಪನಿ ಫರೂಖ್‌ನಗರ, ಬಿಲಾಸ್‌ಪುರ ಕಡೆಯ ಗೋದಾಮುಗಳಿಗೆ ಸರಕಿನ ಲೆಕ್ಕ ಇಡುವ ತಂತ್ರಾಂಶ ಮಾಡುತ್ತದೆ. ಒಮ್ಮೆ ನಾವು ಕೇಳಿದ್ದಕ್ಕಿಂತ ಬಹಳ ಹೆಚ್ಚು ಹಣ ಕೊಡಲು ಹೂಡಿಕೆದಾರರು ಮುಂದೆ ಬಂದರು. ಬದಲಿಗೆ ಒಂದೇ ವರ್ಷದಲ್ಲಿ ಇನ್ನೂ ಐದು ನಗರಗಳಿಗೆ ಹಬ್ಬಬೇಕು ಎಂದರು. ನಮ್ಮಲ್ಲಿ ಲೆಕ್ಕ ನೋಡುವ ಹಿರಿಯರು, ರೇವಾಡಿಯವರು, ಕಾಗದ ಮಡಿಸಿಟ್ಟು ಕೇಳಿದರು: “ಮೇಡಂ ಜೀ, ಇತನಾ ಪೈಸಾ ಆಯೇಗಾ ತೋ ಕಾಮ್ ಕೌನ್ ಸಾ ಬಢೇಗಾ?” ಇಷ್ಟು ದುಡ್ಡು ಬಂದರೆ ಬೆಳೆಯುವ ಕೆಲಸ ಯಾವುದು ಎಂದು. ಅದಕ್ಕೆ ನಮ್ಮ ಹತ್ತಿರ ನೇರ ಉತ್ತರ ಇರಲಿಲ್ಲ. ಕೇಳಿದ್ದಷ್ಟನ್ನೇ ತೆಗೆದುಕೊಂಡೆವು. ಹಣದ ಬರ ಬಂದಾಗ ನಮ್ಮ ಹುಡುಗರಿಗೆ ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. ನಮ್ಮ ಜೊತೆಗೇ ಶುರುವಾಗಿ, ಸಿಕ್ಕಷ್ಟು ಹಣ ಎತ್ತಿದ ಇನ್ನೊಂದು ಕಂಪನಿ ಇಂದು ನಮಗಿಂತ ಎಷ್ಟೋ ಪಾಲು ದೊಡ್ಡದು, ಅದನ್ನೂ ಹೇಳಬೇಕು. ಸಾಕು ಎನ್ನುವುದಕ್ಕೆ ಬೆಲೆ ಇದೆ. ಬೆಲೆ ಇಲ್ಲ ಎಂದು ಹೇಳಿ ಯಾರನ್ನೂ ಈ ದಾರಿಗೆ ಕರೆಯುವುದು ಸರಿಯಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಇದೆ, ಅದನ್ನು ತಪ್ಪಿಸಿಕೊಳ್ಳಲಾಗದು. ದಿನದ ಅಕ್ಕಿ ದಿನಕ್ಕೆ ಸಾಕು ಎಂದರೆ ದೊಡ್ಡದೇನನ್ನಾದರೂ ಕಟ್ಟುವುದು ಹೇಗೆ? ಸಾವಿರ ಜನರಿಗೆ ಕೆಲಸ ಕೊಡುವುದು ಹೇಗೆ? ಬಡತನವನ್ನೇ ಆದರ್ಶ ಮಾಡಿಕೊಂಡ ನಾಡು ಮುಂದೆ ಬಂದೀತೇ? ನಾನು ಇದನ್ನು ಬಹಳ ಕಾಲ ಯೋಚಿಸಿದ್ದೇನೆ. ಉತ್ತರ ಅದೇ ಕಥೆಯ ಮುಂದಿನ ಭಾಗದಲ್ಲಿದೆ. ಆ ದಂಪತಿ ತಮ್ಮ ಅಷ್ಟೇ ಅಕ್ಕಿಯಿಂದ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದರು ಎನ್ನುತ್ತದೆ ಪರಂಪರೆ. ಪವಾಡದ ಸಂಖ್ಯೆ ಇರಲಿ. ಅದು ಹೇಳುವ ದಿಕ್ಕು ಸ್ಪಷ್ಟ. ಕಲ್ಯಾಣದ ಶರಣರ ಬಳಗ ಸಣ್ಣದಾಗಿ ಉಳಿಯಲಿಲ್ಲ. ದೂರದ ನಾಡುಗಳಿಂದ ಜನ ಬಂದು ಸೇರುವಷ್ಟು ಬೆಳೆಯಿತು. ಲಕ್ಕಮ್ಮ ಮಿತಿ ಹಾಕಿದ್ದು ಮನೆಯೊಳಗೆ ಕೂಡಿಡುವುದಕ್ಕೆ. ಕೈಯಿಂದ ಕೈಗೆ ಹಾದುಹೋಗುವುದಕ್ಕೆ ಅವಳು ಮಿತಿ ಹಾಕಲಿಲ್ಲ. ಸಾವಿರ ಜನಕ್ಕೆ ಕೆಲಸ ಕೊಡಬೇಕೆ? ಕೊಡಿ. ಕಂಪನಿ ದೇಶವಿಡೀ ಹಬ್ಬಬೇಕೆ? ಹಬ್ಬಲಿ. ಹೆಚ್ಚಿದ್ದರಲ್ಲಿ ಎಷ್ಟು ನಿಮ್ಮಲ್ಲಿ ನಿಂತಿತು, ಎಷ್ಟು ನಿಮ್ಮನ್ನು ದಾಟಿ ಹೋಯಿತು ಎಂಬುದು ಧರ್ಮದ ಲೆಕ್ಕ.

ದಾಟಿ ಹೋಗುವುದು ಯಾರವರೆಗೆ? ನಮ್ಮ ನಗರದ ಬಹಳಷ್ಟು ಆ್ಯಪ್‌ಗಳು ನಿಂತಿರುವುದು ಬೈಕಿನ ಮೇಲೆ ಓಡಾಡುವವರ ಬೆನ್ನ ಮೇಲೆ. ಜನವರಿಯ ಮಂಜಿನಲ್ಲಿ, ಉಸಿರು ಕಟ್ಟುವ ಹೊಗೆಯಲ್ಲಿ, ಸೊಸೈಟಿಯ ಗೇಟಿನಲ್ಲಿ ಹೆಸರು ಬರೆಸಿ ಬರುವವರು ಅವರು. ಅವರು ನೌಕರರಲ್ಲ, ಪಾಲುದಾರರು ಎಂದು ಕಂಪನಿಗಳ ಕಾಗದ ಹೇಳುತ್ತದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಕೇಂದ್ರದ ಕಾನೂನಿನಲ್ಲಿ ಮೊದಲ ಬಾರಿಗೆ ಅವರನ್ನು ಗುರುತಿಸಿತು, ವಹಿವಾಟಿನ ಶೇ. 1ರಿಂದ 2ರಷ್ಟನ್ನು ಅವರ ನಿಧಿಗೆ ಕೊಡಬೇಕೆಂದಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ನಮ್ಮ ಕರ್ನಾಟಕವೂ ಅದೇ ವರ್ಷ ತನ್ನದೇ ಕಾಯ್ದೆ ಮಾಡಿತು. ಕಾನೂನು ಒತ್ತಾಯಿಸುವ ತನಕ ಕಾಯದೆ ಅವರಿಗೆ ವಿಮೆ, ಕೂರಲು ಜಾಗ, ಕುಡಿಯಲು ನೀರು, ಶೌಚಾಲಯ ಕೊಡುವ ಕಂಪನಿ ದಾಸೋಹದ ಮೊದಲ ಮೆಟ್ಟಿಲು ಹತ್ತಿದೆ ಎನ್ನುತ್ತೇನೆ.

ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕಥೆಯನ್ನು ಪ್ರತಿ ಸ್ಥಾಪಕನೂ ತಿಳಿದಿರಬೇಕು. ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಇಷ್ಟಲಿಂಗವನ್ನು ಅವನು ಎತ್ತಿಕೊಳ್ಳದೆ ಮುಂದೆ ನಡೆದ. ಲಿಂಗವೂ ಕಾಯಕ ಮಾಡಿದರೆ ಮಾತ್ರ ಧರಿಸುತ್ತೇನೆ ಎಂದ. ದೇವರಿಗೂ ಕೆಲಸದಿಂದ ವಿನಾಯಿತಿ ಕೊಡದವನು ಅವನು. ಆ ಲಿಂಗ ಹಗ್ಗ ಮಾರಿ, ಅದರ ಬೆಲೆಗಿಂತ ಬಹಳ ಹೆಚ್ಚು ಹೊನ್ನು ತಂದಾಗ ಅದನ್ನೂ ಒಪ್ಪಲಿಲ್ಲ. ಕಂಪನಿಗೆ ಹೊರಗಿನವರು ಕಟ್ಟುವ ಬೆಲೆಯನ್ನೇ ಕೆಲಸದ ಬೆಲೆ ಎಂದು ನಂಬುವ ಕಾಲದಲ್ಲಿ ಈ ಹಗ್ಗದವನ ಹಟ ನನಗೆ ದೊಡ್ಡ ಧೈರ್ಯ ಕೊಡುತ್ತದೆ. ಸ್ಥಾಪಕರು ತಿಂಗಳಿಗೆ ಒಂದಿಷ್ಟು ದಿನ ಗ್ರಾಹಕರ ಫೋನ್ ಎತ್ತಲಿ, ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಲಿ. ಕೆಳಗಿನವರಿಂದ ಕೇಳುವ ಗಂಟೆಗಳ ಭಾರ ತನ್ನ ಮೈಗೂ ತಗುಲಿದವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತದೆ.

ಅಷ್ಟಾದರೂ ಒಬ್ಬನ ಒಳ್ಳೆಯತನವನ್ನು ನಂಬಿ ಕೂರಬಾರದು. ಮಾರಯ್ಯನೂ ಒಳ್ಳೆಯವನೇ ಆಗಿದ್ದ. ಆದರೂ ಲಕ್ಕಮ್ಮ ಬೇಕಾಯಿತು. ಕಂಪನಿ ಕಟ್ಟುವವರು ಮೊದಲ ಹತ್ತು ಜನರನ್ನು ಸೇರಿಸಿಕೊಳ್ಳುವಾಗಲೇ ಸಾಕು ಎನ್ನುವ ಅಧಿಕಾರ ಯಾರಿಗಿದೆ ಎಂದು ಹೆಸರು ಹಿಡಿದು ತೀರ್ಮಾನಿಸಿಕೊಳ್ಳಿ. ಅದು ಲೆಕ್ಕ ನೋಡುವವರಾಗಬಹುದು, ಸಹಸ್ಥಾಪಕಿಯಾಗಬಹುದು, ಆಡಳಿತ ಮಂಡಳಿಯಲ್ಲಿ ಕೂತ ಒಬ್ಬ ಹಿರಿಯರಾಗಬಹುದು. ಕಂಪನಿ ಎಡವಿದರೆ ಪೆಟ್ಟು ತಿನ್ನುವವರೇ ಆಗಿರಬೇಕು, ಮತ್ತು ಅವರ ಮಾತಿಗೆ ನೀವು ಒಮ್ಮೆಯಾದರೂ ತಿರುಗಿ ಹೋಗಿರಬೇಕು. ಕೆಲಸ ಹುಡುಕುವವರು ಸಂದರ್ಶನದ ಕೊನೆಯಲ್ಲಿ, ನಿಮಗೇನಾದರೂ ಕೇಳುವುದಿದೆಯೇ ಎಂದಾಗ, ಇದನ್ನು ಕೇಳಿ: ಇಲ್ಲಿ ಕೊನೆಯ ಸಲ ಯಾರಾದರೂ ಇದು ಆಗುವುದಿಲ್ಲ, ಸಾಕು ಎಂದದ್ದು ಯಾವಾಗ, ಆಮೇಲೆ ಅವರಿಗೇನಾಯಿತು? ನೇರ ಉತ್ತರ ಬಂದರೆ, ಆ ಕಂಪನಿ ಹತ್ತು ಜನರದಾಗಲಿ ಹತ್ತು ಸಾವಿರ ಜನರದಾಗಲಿ, ಹೋಗಿ ಸೇರಿಕೊಳ್ಳಿ, ಮನಸ್ಸಿಟ್ಟು ದುಡಿಯಿರಿ. ಅಂಥ ಕಡೆ ಮಾಡಿದ ಕೆಲಸವನ್ನು ಕಾಯಕ ಎಂದು ಕರೆಯಲು ನನಗೆ ಸಂಕೋಚವಿಲ್ಲ.